ಸ್ಟೀವ್ ಜಾಬ್ಸ್ ಮತ್ತು ಒಂದು ದೊಡ್ಡ ವಾದ

ಪ್ರಸಿದ್ಧ ಪುರುಷರ ಜೀವನಚರಿತ್ರೆಯನ್ನು ಓದುವಾಗ ನಾವು ಸಾಮಾನ್ಯವಾಗಿ ಅವರ ಗೆಲುವುಗಳನ್ನು ಎಣಿಸುತ್ತೇವೆ. ಅವರು ಹೂಡಿದ ವಾದಗಳನ್ನು ವಿಚಾರಿಸುವುದು ಕಡಮೆ. ಆದರೆ ಒಬ್ಬ ಮನುಷ್ಯನ ಗುಣವೂ ದೋಷವೂ ಒಟ್ಟಿಗೆ ಕಾಣಿಸುವುದು ಅವನ ವಾದದಲ್ಲಿಯೇ. ಆಪಲ್ ಕಂಪೆನಿಯ ಸ್ಥಾಪಕರಲ್ಲಿ ಒಬ್ಬನಾದ ಸ್ಟೀವ್ ಜಾಬ್ಸನು ತನ್ನ ಆಯುಷ್ಯದ ಕೊನೆಯ ಭಾಗದಲ್ಲಿ, ಅಂದರೆ 2010ರಲ್ಲಿ, ಅಂತಹ ಒಂದು ವಾದವನ್ನು ಹೂಡಿದನು. ಅಂತರ್ಜಾಲದ ಪುಟಗಳನ್ನು ನೋಡುವುದಕ್ಕೆ ಒಂದು ಕಂಪೆನಿಯ ಸ್ವಂತ ಬೀಗದ ಕೈ ಬೇಕೆ, ಇಲ್ಲವೆ ಎಲ್ಲರಿಗೂ ತೆರೆದಿರುವ ನಿಯಮಗಳೇ ಸಾಕೆ ಎಂಬುದೇ ಆ ವಾದ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದಕ್ಕೆ ಒಂದು ಕಾರಣವುಂಟು. ನಾನು ಹೈಸ್ಕೂಲಿನಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ಶಾಲೆಯ ಕಂಪ್ಯೂಟರಿನಲ್ಲಿ ಹೃದಯವು ಬಡಿಯುವುದನ್ನೂ ರಕ್ತವು ಹರಿಯುವುದನ್ನೂ ಚಲಿಸುವ ಚಿತ್ರದಲ್ಲಿ ತೋರಿಸಿದರು. ಅದನ್ನು ಮತ್ತೊಮ್ಮೆ ನೋಡಬೇಕೆಂಬ ಆಸೆಯಿಂದ ವಿಳಾಸವನ್ನು ಬರೆದುಕೊಂಡು ಬಂದು, ಚಿಕ್ಕಪ್ಪನ ಬಳಿಯಿದ್ದ ಟ್ಯಾಬ್ಲೆಟ್ಟಿನಲ್ಲಿ ತೆರೆದೆ. ಹೃದಯವಿರಬೇಕಾದ ಜಾಗದಲ್ಲಿ ಬರಿಯ ಬೂದು ಬಣ್ಣದ ಚೌಕವಿದ್ದಿತು. ಪ್ಲಗ್‌ಇನ್ ಇಲ್ಲವೆಂದು ಇಂಗ್ಲಿಷಿನಲ್ಲಿ ಬರೆದಿದ್ದಿತು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಹಾಗೆಂದರೇನೆಂದು ಕೇಳೋಣವೆಂದರೆ ಹೇಳುವವರೂ ಇರಲಿಲ್ಲ. ನನಗೇ ನೋಡಲು ಬರುವುದಿಲ್ಲವೆಂದು ತಿಳಿದು ಸುಮ್ಮನಾದೆ. ಆ ಬೂದು ಚೌಕದ ಹಿಂದೆ ಎರಡು ದೊಡ್ಡ ಕಂಪೆನಿಗಳ ಜಗಳವಿದ್ದಿತೆಂಬುದು ನನಗೆ ಗೊತ್ತಾದದ್ದು ಈ ಕಾಲೇಜಿಗೆ ಬಂದ ಮೇಲೆ.

ಸ್ಟೀವ್ ಜಾಬ್ಸನು ಹುಟ್ಟಿದ್ದು 1955ನೆಯ ಇಸವಿ ಫೆಬ್ರವರಿ 24ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಹೆತ್ತ ತಂದೆ ಸಿರಿಯಾ ದೇಶದಿಂದ ಬಂದಿದ್ದವನು, ತಾಯಿ ಅಮೆರಿಕದವಳು. ಇಬ್ಬರೂ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಮದುವೆಗೆ ಅಡ್ಡಿಯಿದ್ದುದರಿಂದ ಮಗುವನ್ನು ದತ್ತು ಕೊಡಬೇಕಾಯಿತು. ಪದವೀಧರರ ಮನೆಗೇ ಮಗು ಹೋಗಬೇಕೆಂಬುದು ತಾಯಿಯ ಹಟ. ಆದರೆ ಮಗುವನ್ನು ಸಾಕಲು ಮುಂದೆ ಬಂದ ಪಾಲ್ ಜಾಬ್ಸ್ ಮತ್ತು ಕ್ಲಾರಾ ದಂಪತಿಗಳು ಪದವೀಧರರಲ್ಲ. ಪಾಲ್ ಹೈಸ್ಕೂಲನ್ನೂ ಮುಗಿಸಿರಲಿಲ್ಲ. ಯಂತ್ರಗಳ ಕೆಲಸ ಬಲ್ಲ ಕೈಗಾರ. ಹುಡುಗನನ್ನು ಕಾಲೇಜಿಗೆ ಕಳುಹಿಸುವುದಾಗಿ ಅವರು ಮಾತು ಕೊಟ್ಟ ಮೇಲೆಯೇ ತಾಯಿಯು ಒಪ್ಪಿದಳು. ಓದದ ತಂದೆ ತಾಯಿಗಳು ಓದಿಸುವೆವೆಂದು ಕೊಟ್ಟ ಮಾತಿನ ಬೆಲೆ ಏನೆಂಬುದು ನಮ್ಮಲ್ಲಿ ಅನೇಕರಿಗೆ ಹೇಳದೆಯೇ ಗೊತ್ತು.

ಮಾತಿನಂತೆ 1972ರಲ್ಲಿ ಅವನನ್ನು ಆರೆಗಾನ್ ಪ್ರಾಂತದ ರೀಡ್ ಕಾಲೇಜಿಗೆ ಸೇರಿಸಿದರು. ಅಲ್ಲಿನ ಶುಲ್ಕವು ತಂದೆ ತಾಯಿಗಳ ಉಳಿತಾಯವನ್ನೆಲ್ಲ ನುಂಗುತ್ತಿದ್ದಿತು. ಒಂದು ಸತ್ರ ಕಳೆಯುವಷ್ಟರಲ್ಲಿ ಜಾಬ್ಸನು ಕಾಲೇಜನ್ನು ಬಿಟ್ಟನು. ಬಿಟ್ಟರೂ ಊರನ್ನು ಬಿಡಲಿಲ್ಲ. ಗೆಳೆಯರ ಕೋಣೆಗಳಲ್ಲಿ ನೆಲದ ಮೇಲೆ ಮಲಗುತ್ತ, ಖಾಲಿ ಸೀಸೆಗಳನ್ನು ಹಿಂದಿರುಗಿಸಿ ಬಂದ ಕಾಸಿನಲ್ಲಿ ಉಣ್ಣುತ್ತ, ಭಾನುವಾರ ರಾತ್ರಿ ಒಂದು ಒಳ್ಳೆಯ ಊಟಕ್ಕಾಗಿ ಏಳು ಮೈಲಿ ನಡೆದು ಹರೇ ಕೃಷ್ಣ ದೇವಸ್ಥಾನಕ್ಕೆ ಹೋಗುತ್ತ ದಿನ ಕಳೆದನು. ಆ ದಿನಗಳಲ್ಲಿ ತನಗೆ ಇಷ್ಟವಾದ ಪಾಠಗಳಿಗೆ ಮಾತ್ರ ಹೋಗಿ ಕೂರುತ್ತಿದ್ದನು. ಅವುಗಳಲ್ಲಿ ಅಕ್ಷರಗಳನ್ನು ಅಂದವಾಗಿ ಬರೆಯುವ ಕಲೆಯೂ ಒಂದು. 1974ರಲ್ಲಿ ಭಾರತಕ್ಕೂ ಬಂದು, ಹಿಮಾಲಯದ ಅಡಿಯಲ್ಲಿರುವ ನೀಮ್ ಕರೋಲಿ ಬಾಬಾ ಅವರ ಆಶ್ರಮಕ್ಕೆ ಹೋದನು. ಬಾಬಾ ಅವರು ಹಿಂದಿನ ವರ್ಷವೇ ಕಾಲವಾಗಿದ್ದರು.

1976ರ ಏಪ್ರಿಲ್ 1ರಂದು ಜಾಬ್ಸ್, ಸ್ಟೀವ್ ವಾಜ್ನಿಯಾಕ್ ಮತ್ತು ರೊನಾಲ್ಡ್ ವೇಯ್ನ್ ಎಂಬ ಮೂವರು ಸೇರಿ ಆಪಲ್ ಕಂಪೆನಿಯನ್ನು ಕಟ್ಟಿದರು. ಯಂತ್ರವನ್ನು ರೂಪಿಸುವ ಬುದ್ಧಿ ವಾಜ್ನಿಯಾಕನದು. ಅದನ್ನು ಜನರ ಮನೆಗೆ ಮುಟ್ಟಿಸುವ ಛಲ ಜಾಬ್ಸನದು. ಮರು ವರ್ಷ ಆಪಲ್ 2 ಎಂಬ ಕಂಪ್ಯೂಟರು ತಯಾರಾಗುತ್ತಿದ್ದಾಗಲೇ ಇವರಿಬ್ಬರಲ್ಲಿ ಮುಂದಿನ ದೊಡ್ಡ ವಾದದ ಬೀಜ ಕಾಣಿಸಿಕೊಂಡಿತು. ಕೊಂಡವರು ತಮಗೆ ಬೇಕಾದ ಬಿಡಿಭಾಗಗಳನ್ನು ಸೇರಿಸಿಕೊಳ್ಳಲೆಂದು ಯಂತ್ರದೊಳಗೆ ಎಂಟು ಕಿಂಡಿಗಳಿರಬೇಕೆಂದು ವಾಜ್ನಿಯಾಕನು ಹೇಳಿದನು. ಎರಡೇ ಸಾಕೆಂದು ಜಾಬ್ಸನು ಹಟ ಹಿಡಿದನು. ಆ ಸಲ ವಾಜ್ನಿಯಾಕನೇ ಗೆದ್ದನು, ಮತ್ತು ಆ ಯಂತ್ರವೇ ಬಹುಕಾಲ ಕಂಪೆನಿಯನ್ನು ಸಾಕಿತು. 1984ರಲ್ಲಿ ಹೊರಬಂದ ಮ್ಯಾಕಿಂಟಾಷಿನಲ್ಲಿ ಜಾಬ್ಸನು ತನ್ನ ಹಟವನ್ನು ಸಾಧಿಸಿದನು. ಅದರಲ್ಲಿ ಅಂತಹ ಕಿಂಡಿಗಳೇ ಇರಲಿಲ್ಲ. ಸಾಮಾನ್ಯ ತಿರುಪುಳಿಯಿಂದ ಅದರ ಪೆಟ್ಟಿಗೆಯನ್ನು ತೆಗೆಯಲೂ ಆಗುತ್ತಿರಲಿಲ್ಲ. ಕಾಲೇಜಿನಲ್ಲಿ ಕೇಳಿದ ಅಕ್ಷರಕಲೆಯ ಪಾಠ ಮಾತ್ರ ಅದರ ಪರದೆಯ ಮೇಲಿನ ಅಂದವಾದ ಅಕ್ಷರಗಳಲ್ಲಿ ಫಲ ಕೊಟ್ಟಿತು.

1985ರಲ್ಲಿ ತಾನು ಕಟ್ಟಿದ ಕಂಪೆನಿಯಿಂದಲೇ ಜಾಬ್ಸನು ಹೊರಬೀಳಬೇಕಾಯಿತು. ಆಗ ನೆಕ್ಸ್ಟ್ ಎಂಬ ಬೇರೊಂದು ಕಂಪೆನಿಯನ್ನು ಸ್ಥಾಪಿಸಿದನು. ನೆಕ್ಸ್ಟ್ ಯಂತ್ರಗಳು ಬಹಳ ದುಬಾರಿ, ಹೆಚ್ಚು ಮಾರಾಟವಾಗಲಿಲ್ಲ. ಆದರೆ ಅವುಗಳಲ್ಲಿ ಒಂದು ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್ ಲೀ ಎಂಬಾತನ ಮೇಜಿನ ಮೇಲೆ ಇದ್ದಿತು. ಆತನು 1990ರಲ್ಲಿ ಪ್ರಪಂಚದ ಮೊದಲನೆಯ ಬ್ರೌಸರನ್ನು ಬರೆದದ್ದು ಅದೇ ಯಂತ್ರದ ಮೇಲೆ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ಜಾಲದ ತಂತ್ರವನ್ನು ಯಾರಿಂದಲೂ ಕಾಸು ಕೇಳದೆ ಜಗತ್ತಿಗೆಲ್ಲ ಬಿಟ್ಟುಕೊಟ್ಟಿತು. ಕೊನೆಗೆ 1996ರ ಡಿಸೆಂಬರಿನಲ್ಲಿ ಆಪಲ್ ಕಂಪೆನಿಯು ನೆಕ್ಸ್ಟನ್ನು ಕೊಳ್ಳಲು ಒಪ್ಪಿತು. ಜಾಬ್ಸನು ಹಳೆಯ ಮನೆಗೆ ಹಿಂದಿರುಗಿದನು. ಮುಳುಗುವ ಸ್ಥಿತಿಯಲ್ಲಿದ್ದ ಆ ಕಂಪೆನಿಯನ್ನು ಆತನು ಐಮ್ಯಾಕ್, ಐಪಾಡ್ ಮತ್ತು 2007ರ ಐಫೋನುಗಳಿಂದ ಮೇಲೆತ್ತಿದ ಕಥೆ ಎಲ್ಲರಿಗೂ ತಿಳಿದುದೇ ಆಗಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಇನ್ನು ವಾದದ ವಿಷಯಕ್ಕೆ ಬರೋಣ. ಮೊದಮೊದಲಿನ ಜಾಲಪುಟಗಳಲ್ಲಿ ಇದ್ದುದು ಅಕ್ಷರ ಮತ್ತು ನಿಂತ ಚಿತ್ರಗಳು ಮಾತ್ರ. ಚಲನಚಿತ್ರ, ಆಟ, ಹಾಡು ಇವನ್ನು ತೋರಿಸುವ ಶಕ್ತಿ ಬ್ರೌಸರಿಗೆ ಸ್ವಂತವಾಗಿ ಇರಲಿಲ್ಲ. ಈ ಕೊರತೆಯನ್ನು ತುಂಬಲು ಹೊರಗಿನಿಂದ ಸೇರಿಸುವ ತಂತ್ರಾಂಶದ ತುಂಡಿಗೆ ಪ್ಲಗ್‌ಇನ್ ಎಂದು ಹೆಸರು. 1996ರಲ್ಲಿ ಹುಟ್ಟಿದ ಫ್ಲಾಶ್ ಎಂಬ ಪ್ಲಗ್‌ಇನ್ ಎಲ್ಲವನ್ನೂ ಮೀರಿಸಿತು. ಅದು ಮ್ಯಾಕ್ರೋಮೀಡಿಯಾ ಕಂಪೆನಿಯ ಕೈಯಿಂದ 2005ರಲ್ಲಿ ಅಡೋಬಿ ಕಂಪೆನಿಯ ಕೈಗೆ ಬಂದಿತು. ಅದೇ ವರ್ಷ ಆರಂಭವಾದ ಯೂಟ್ಯೂಬು ಕೂಡ ಫ್ಲಾಶಿನ ಆಧಾರದ ಮೇಲೆಯೇ ನಿಂತಿದ್ದಿತು. ಫ್ಲಾಶ್ ಮಾಡಿದ ಉಪಕಾರವನ್ನು ಮರೆಯುವುದು ನ್ಯಾಯವಲ್ಲ. ದೊಡ್ಡ ಬಂಡವಾಳವಿಲ್ಲದ ಎಷ್ಟೋ ಮಂದಿ ತರುಣರು ಅದರಿಂದ ಚಿತ್ರಗಳನ್ನೂ ಆಟಗಳನ್ನೂ ಪಾಠಗಳನ್ನೂ ಮಾಡಿ ಹಂಚಿದರು.

ಆದರೆ ಜಾಬ್ಸನು ಐಫೋನಿನಲ್ಲಿ ಫ್ಲಾಶಿಗೆ ಜಾಗ ಕೊಡಲಿಲ್ಲ. 2010ರ ಜನವರಿ 27ರಂದು ಐಪ್ಯಾಡ್ ಎಂಬ ಟ್ಯಾಬ್ಲೆಟ್ಟನ್ನು ಸಭೆಯಲ್ಲಿ ತೋರಿಸುತ್ತಿದ್ದಾಗ, ಒಂದು ಪತ್ರಿಕೆಯ ಪುಟದಲ್ಲಿ ಫ್ಲಾಶ್ ಇಲ್ಲದೆ ಖಾಲಿ ಉಳಿದ ಜಾಗವು ಎಲ್ಲರ ಕಣ್ಣಿಗೂ ಬಿದ್ದಿತು. ಇಷ್ಟು ದೊಡ್ಡ ಪರದೆಯ ಯಂತ್ರವು ಜಾಲದ ಅರ್ಧವನ್ನೇ ತೋರಿಸದಿದ್ದರೆ ಏನು ಪ್ರಯೋಜನವೆಂದು ಟೀಕೆಗಳೆದ್ದವು. ಅದಕ್ಕೆ ಉತ್ತರವಾಗಿ ಏಪ್ರಿಲ್ 29ರಂದು ಜಾಬ್ಸನು ಒಂದು ಬಹಿರಂಗ ಪತ್ರವನ್ನು ಪ್ರಕಟಿಸಿದನು.

ಆ ಪತ್ರದಲ್ಲಿ ಆತನು ಆರು ಕಾರಣಗಳನ್ನು ಕೊಟ್ಟನು. ಫ್ಲಾಶ್ ಪೂರ್ತಿಯಾಗಿ ಒಂದೇ ಕಂಪೆನಿಯ ಸ್ವತ್ತು. ಜಾಲದ ನಿಯಮಗಳಾದ ಎಚ್‌ಟಿಎಂಎಲ್ 5, ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟ್ ಎಲ್ಲರವು, ಆದುದರಿಂದ ಜಾಲವು ಇವುಗಳ ಮೇಲೆಯೇ ನಿಲ್ಲಬೇಕು ಎಂಬುದು ಮೊದಲನೆಯದು. ಜಾಲದಲ್ಲಿನ ವಿಡಿಯೋಗಳಲ್ಲಿ ಬಹುಪಾಲು ಎಚ್.264 ಎಂಬ ಹೊಸ ರೂಪದಲ್ಲಿಯೂ ದೊರೆಯುತ್ತವೆ, ಹಾಗಾಗಿ ನಷ್ಟವು ಹೇಳುವಷ್ಟು ದೊಡ್ಡದಲ್ಲ ಎಂಬುದು ಎರಡನೆಯದು. ಮ್ಯಾಕ್ ಯಂತ್ರಗಳು ಕೆಟ್ಟು ನಿಲ್ಲುವುದಕ್ಕೆ ಫ್ಲಾಶೇ ಮುಖ್ಯ ಕಾರಣ, ಅದರಲ್ಲಿ ಭದ್ರತೆಯೂ ಸಾಲದು ಎಂಬುದು ಮೂರನೆಯದು. ನಾಲ್ಕನೆಯದು ಬ್ಯಾಟರಿ: ವಿಡಿಯೋವನ್ನು ಯಂತ್ರದ ಚಿಪ್ಪೇ ಬಿಡಿಸಿದರೆ ಐಫೋನು 10 ಗಂಟೆ ನಡೆಯುತ್ತದೆ, ತಂತ್ರಾಂಶವು ಬಿಡಿಸಿದರೆ 5 ಗಂಟೆಯೂ ನಡೆಯುವುದಿಲ್ಲ ಎಂದು ಲೆಕ್ಕ ಹೇಳಿದನು. ಫ್ಲಾಶ್ ಇಲಿಗಾಗಿ, ಅಂದರೆ ಮೌಸಿಗಾಗಿ ಮಾಡಿದ್ದು. ಬೆರಳಿಗೆ ಅದು ಒಗ್ಗುವುದಿಲ್ಲ ಎಂಬುದು ಐದನೆಯದು. ಎಲ್ಲಕ್ಕಿಂತ ಮುಖ್ಯವೆಂದು ಆತನೇ ಹೇಳಿಕೊಂಡ ಆರನೆಯ ಕಾರಣವೇನೆಂದರೆ, ತನ್ನ ಯಂತ್ರಕ್ಕೂ ತಂತ್ರಾಂಶ ಬರೆಯುವವರಿಗೂ ನಡುವೆ ಮೂರನೆಯವನೊಬ್ಬನು ನಿಂತರೆ, ಅವನು ಹೆಜ್ಜೆಯಿಟ್ಟಾಗಲೇ ತಾನೂ ಹೆಜ್ಜೆಯಿಡಬೇಕಾಗುತ್ತದೆ ಎಂಬುದು.

ಎದುರು ಪಕ್ಷವೂ ಸುಮ್ಮನೆ ಕೂರಲಿಲ್ಲ. ಆಗ ಅಡೋಬಿಯ ಮುಖ್ಯಸ್ಥರಾಗಿದ್ದವರು ಹೈದರಾಬಾದಿನಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದ ಶಾಂತನು ನಾರಾಯಣ್. ತೊಂದರೆಯಿರುವುದು ಫ್ಲಾಶಿನಲ್ಲಲ್ಲ, ಆಪಲ್ ಹಾಕಿರುವ ಬೇಲಿಯಲ್ಲಿ ಎಂಬುದು ಅವರ ಅಭಿಪ್ರಾಯವಾಗಿದ್ದಿತು. ಫ್ಲಾಶಿನ ಕಡತದ ವಿವರಗಳನ್ನು ತಾನು ಪ್ರಕಟಿಸಿರುವುದಾಗಿಯೂ, ಬೇಕಾದವರು ಅದನ್ನು ನೋಡಿ ತಮ್ಮದೇ ತಂತ್ರಾಂಶ ಬರೆಯಬಹುದಾಗಿಯೂ ಅಡೋಬಿ ಹೇಳಿತು. ಅದರ ಸ್ಥಾಪಕರಿಬ್ಬರೂ ಸೇರಿ ತಾವೂ ಒಂದು ಬಹಿರಂಗ ಪತ್ರ ಬರೆದರು. ಇವೇ ಎರಡು ಕಂಪೆನಿಗಳು 1985ರಲ್ಲಿ ಲೇಸರ್ ಮುದ್ರಣ ಯಂತ್ರವನ್ನು ಕೂಡಿ ಹೊರತಂದು, ಪುಸ್ತಕ ಪತ್ರಿಕೆಗಳ ಮುದ್ರಣದ ರೀತಿಯನ್ನೇ ಬದಲಿಸಿದ್ದ ಹಳೆಯ ಸ್ನೇಹಿತರೆಂಬುದನ್ನು ನೆನೆದರೆ ಈ ಜಗಳವು ಇನ್ನಷ್ಟು ಕಹಿಯಾಗಿ ಕಾಣುತ್ತದೆ.

ಯಾರ ವಾದವು ಸರಿ? ಜಾಲದ ವಿಷಯದಲ್ಲಿ ಜಾಬ್ಸನ ಮಾತೇ ನಿಜವಾಯಿತು. 2011ರ ನವೆಂಬರಿನಲ್ಲಿ ಅಡೋಬಿ ಕಂಪೆನಿಯು ಮೊಬೈಲ್ ಬ್ರೌಸರುಗಳಿಗೆ ಫ್ಲಾಶನ್ನು ಬೆಳೆಸುವುದನ್ನು ಕೈಬಿಟ್ಟಿತು. 2014ರ ಅಕ್ಟೋಬರಿನಲ್ಲಿ ಎಚ್‌ಟಿಎಂಎಲ್ 5 ಅಧಿಕೃತ ನಿಯಮವಾಯಿತು. 2020ರ ಡಿಸೆಂಬರ್ 31ಕ್ಕೆ ಫ್ಲಾಶಿನ ಆಯುಷ್ಯವೇ ಮುಗಿಯಿತು. ಆದರೆ ಗೆದ್ದವನೆಲ್ಲ ನಿರ್ದೋಷಿಯಲ್ಲ. ಎಚ್.264 ರೂಪವು ಹಲವು ಪೇಟೆಂಟುಗಳಿಗೆ ಒಳಪಟ್ಟದ್ದು. ಫೈರ್‌ಫಾಕ್ಸ್ ಬ್ರೌಸರಿನವರು ಆಗ ಅದನ್ನು ಸೇರಿಸಿಕೊಳ್ಳದಿದ್ದುದಕ್ಕೆ ಇದೇ ಕಾರಣ. ಜಾಲವು ತೆರೆದಿರಬೇಕೆಂದು ಬರೆದ ಅದೇ ಕೈ, ಐಫೋನಿಗೂ ಐಪ್ಯಾಡಿಗೂ ತಂತ್ರಾಂಶವು ತನ್ನ ಅಂಗಡಿಯ ಬಾಗಿಲಿನಿಂದಲೇ ಬರಬೇಕೆಂದು ಕಟ್ಟಳೆ ಮಾಡಿ, ಮಾರಾಟದಲ್ಲಿ ನೂರಕ್ಕೆ 30ರಷ್ಟು ಪಾಲನ್ನು ತೆಗೆದುಕೊಂಡಿತು. ಬೇರೆ ಉಪಕರಣದಿಂದ ಬರೆದ ತಂತ್ರಾಂಶಕ್ಕೆ 2010ರ ಏಪ್ರಿಲಿನಲ್ಲಿ ಹಾಕಿದ ತಡೆಯನ್ನು ಸೆಪ್ಟೆಂಬರಿನಲ್ಲಿ ಸಡಿಲಿಸಬೇಕಾಯಿತು. ಊರಿನ ಹೆದ್ದಾರಿ ಎಲ್ಲರದಾಗಿರಲಿ, ನನ್ನ ಅಂಗಳಕ್ಕೆ ಮಾತ್ರ ನಾನೇ ಕಾವಲು ಎಂಬಂತೆ ಆತನ ನಡತೆಯಿದ್ದಿತು. ಎಂಟು ಕಿಂಡಿ ಬೇಡವೆಂದ ತರುಣನೇ ಇಲ್ಲಿಯೂ ಕಾಣುತ್ತಾನೆ.

ಜಾಬ್ಸನ ಸ್ವಭಾವದಲ್ಲಿ ಒರಟುತನವು ಬಹಳವಿದ್ದಿತು. ಜೊತೆಗಾರರನ್ನು ನೋಯಿಸಿದನು, ತನ್ನ ಮೊದಲ ಮಗಳನ್ನು ತನ್ನವಳೆಂದು ಒಪ್ಪಲು ಬಹುಕಾಲ ಹಿಂಜರಿದನು. ವಾದ ನಡೆಯುತ್ತಿದ್ದಾಗಲೇ ಆತನ ದೇಹವು ಸೋಲುತ್ತಿದ್ದಿತು. 2003ರಲ್ಲಿ ಮೇದೋಜೀರಕಾಂಗದಲ್ಲಿ ಗಡ್ಡೆಯಿರುವುದು ತಿಳಿದಿದ್ದಿತು. 2009ರಲ್ಲಿ ಯಕೃತ್ತನ್ನು ಬದಲಿಸಿದ್ದರು. 2011ರ ಆಗಸ್ಟ್ 24ರಂದು ಅಧಿಕಾರ ಬಿಟ್ಟುಕೊಟ್ಟನು. ಅಕ್ಟೋಬರ್ 5ರಂದು ತನ್ನ ಐವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡನು. ಅಡೋಬಿ ಮೊಬೈಲಿನ ಫ್ಲಾಶನ್ನು ಕೈಬಿಟ್ಟ ಸುದ್ದಿಯನ್ನು ಕೇಳಲು ಆತನಿಗೆ ಒಂದು ತಿಂಗಳ ಆಯುಷ್ಯ ಸಾಲದೆ ಹೋಯಿತು.

ಈ ವಾದವು ನಮಗೆ ದೂರದ್ದೆಂದು ಯಾರೂ ತಿಳಿಯಬಾರದು. ಕನ್ನಡವನ್ನು ಕಂಪ್ಯೂಟರಿನಲ್ಲಿ ಒಬ್ಬೊಬ್ಬರು ಒಂದೊಂದು ಸಂಕೇತದಲ್ಲಿ ಬರೆಯುತ್ತಿದ್ದ ಕಾಲದಲ್ಲಿ, ಒಂದು ಫಾಂಟಿನಲ್ಲಿ ಬರೆದ ಪತ್ರವು ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿದ್ದಿತು. ಎಲ್ಲರಿಗೂ ಒಂದೇ ಆದ ಯೂನಿಕೋಡ್ ಬಳಕೆಗೆ ಬಂದ ಮೇಲೆಯೇ ನಮ್ಮ ಅಕ್ಷರಗಳು ಯಾವ ಯಂತ್ರಕ್ಕೆ ಹೋದರೂ ಅಕ್ಷರಗಳಾಗಿ ಉಳಿದವು. ಇನ್ನೊಂದು ಮಾತನ್ನೂ ಮರೆಯಬಾರದು. ಫ್ಲಾಶ್ ಸತ್ತಾಗ ಅದರೊಡನೆ ಅಸಂಖ್ಯ ಆಟಗಳೂ ಪಾಠಗಳೂ ಕಣ್ಮರೆಯಾದವು. ಅವುಗಳಲ್ಲಿ ಕೆಲವನ್ನಾದರೂ ಈಗ ನೋಡಲು ಆಗುತ್ತಿರುವುದು, ರಫಲ್ ಎಂಬ ತಂತ್ರಾಂಶವನ್ನು ಕೆಲವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿರುವುದರಿಂದ. ಮುಚ್ಚಿದ ಪೆಟ್ಟಿಗೆಯಲ್ಲಿದ್ದುದನ್ನು ಉಳಿಸಿದ್ದೂ ತೆರೆದ ಕೈಯೇ.

ಮನೆತನದಲ್ಲಿಯೇ ಮೊದಲ ಸಲ ವಿದ್ಯೆಯ ಬಾಗಿಲಿಗೆ ಬಂದವನು, ಬಾಗಿಲು ತೆರೆಯದಿದ್ದರೆ ತನ್ನಲ್ಲಿಯೇ ತಪ್ಪನ್ನು ಹುಡುಕುತ್ತಾನೆ. ನಾನು ಹಾಗೆಯೇ ಮಾಡಿದೆ. ಬೀಗ ಹಾಕಿದವರು ಬೇರೆ ಇದ್ದಾರೆಂದು ಅವನಿಗೆ ಯಾರಾದರೂ ಹೇಳಬೇಕು. ಜಾಬ್ಸನು ತನ್ನ ವ್ಯಾಪಾರದ ಲಾಭಕ್ಕಾಗಿಯೇ ಆ ಮಾತನ್ನು ಹೇಳಿದನೆಂದು ಬೇಕಾದರೆ ಅನ್ನೋಣ. ಹೇಳಿದವನ ಉದ್ದೇಶ ಏನೇ ಇರಲಿ, ಮಾತು ನಿಜವಾಗಿದ್ದರೆ ಅದನ್ನು ಉಳಿಸಿಕೊಳ್ಳೋಣ. ಆತನ ಅಂಗಳದ ಬೇಲಿಗೂ ಅದೇ ಮಾತನ್ನು ಹಿಡಿದು ನೋಡೋಣ. ನಾಳೆ ನಮ್ಮಲ್ಲಿ ಕೆಲವರು ಮೇಷ್ಟ್ರಾಗುತ್ತೇವೆ, ಕೆಲವರು ಕಚೇರಿಗಳಲ್ಲಿ ಕೂರುತ್ತೇವೆ. ಆಗ ನಾವು ಹಂಚುವ ಪಾಠವಾಗಲಿ ಅರ್ಜಿಯಾಗಲಿ, ಚಿಕ್ಕಪ್ಪನ ಹಳೆಯ ಟ್ಯಾಬ್ಲೆಟ್ಟನ್ನು ಹಿಡಿದು ಕುಳಿತ ಹುಡುಗನಿಗೂ ಹುಡುಗಿಗೂ ಬೂದು ಚೌಕವಾಗಿ ಕಾಣದಂತೆ ನೋಡಿಕೊಂಡರೆ, ಈ ಜೀವನಚರಿತ್ರೆಯನ್ನು ಓದಿದ್ದು ಸಾರ್ಥಕವಾಗುತ್ತದೆ.