ಕುದ್ಮುಲ್ ರಂಗರಾವ್

ಕುದ್ಮುಲ್ ರಂಗರಾವ್ (29 ಜೂನ್ 1859 – 30 ಜನವರಿ 1928) ಮಂಗಳೂರಿನ ಸಮಾಜ ಸುಧಾರಕರು, ವಕೀಲರು ಮತ್ತು ಶಿಕ್ಷಣ ಕಾರ್ಯಕರ್ತರು. ಅಸ್ಪೃಶ್ಯತೆಗೆ ಒಳಗಾಗಿದ್ದ ಸಮುದಾಯಗಳ ಮಕ್ಕಳಿಗಾಗಿ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಶಾಲೆಗಳು, ವಿದ್ಯಾರ್ಥಿನಿಲಯ ಹಾಗೂ ಕೈಕಸುಬಿನ ಕೇಂದ್ರವನ್ನು ಸ್ಥಾಪಿಸಿದರು. 1897ರಲ್ಲಿ ಅವರು ಆರಂಭಿಸಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯು ವಿದ್ಯೆ, ವಸತಿ, ಊಟ ಮತ್ತು ಉದ್ಯೋಗಗಳನ್ನು ಒಂದೇ ಯೋಜನೆಯಡಿ ತಂದ ಆರಂಭಿಕ ಪ್ರಯತ್ನಗಳಲ್ಲಿ ಒಂದಾಗಿದೆ.

ಆರಂಭಿಕ ಜೀವನ

ರಂಗರಾಯರು ಕಾಸರಗೋಡಿನ ಬಡ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ತಂದೆ ದೇವಪ್ಪಯ್ಯ, ತಾಯಿ ಗೌರಿ. ಪ್ರಾಥಮಿಕ ಶಿಕ್ಷಣವನ್ನು ಹುಟ್ಟೂರಿನಲ್ಲೇ ಪಡೆದರು. ಹದಿನಾರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಬಳಿಕ ಸಂಸಾರದ ಭಾರ ಹೆಗಲಿಗೆ ಬಿದ್ದುದರಿಂದ ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದರು. ತಿಂಗಳಿಗೆ 8 ರೂಪಾಯಿ ಸಂಬಳದ ಪ್ರಾಥಮಿಕ ಶಾಲಾ ಶಿಕ್ಷಕರಾಗಿ ವೃತ್ತಿಜೀವನ ಆರಂಭಿಸಿ, ದುಡಿಯುತ್ತಲೇ ಮೆಟ್ರಿಕ್ಯುಲೇಷನ್ ಮತ್ತು ಎಫ್.ಎ. ಪರೀಕ್ಷೆಗಳಲ್ಲಿ ಉತ್ತೀರ್ಣರಾದರು. ಮುಂದೆ ವಕೀಲಿ ವೃತ್ತಿಗೆ ಇಳಿದು ಬಡವರ ಪರವಾಗಿ ವಾದಿಸುವ ವಕೀಲರೆಂದು ಹೆಸರಾದರು.

ಬ್ರಹ್ಮಸಮಾಜದ ಪ್ರಭಾವ

ಮಂಗಳೂರಿನಲ್ಲಿ 1870ರಲ್ಲಿ ಉಳ್ಳಾಲ ರಘುನಾಥಯ್ಯ ಮೊದಲಾದವರು ಬ್ರಹ್ಮಸಮಾಜವನ್ನು ಸ್ಥಾಪಿಸಿದ್ದರು. ಬಿಲ್ಲವ ಮುಖಂಡರಾದ ಅರಸಪ್ಪನವರ ಆಸಕ್ತಿಯೂ ಇದರ ಹಿಂದೆ ಇತ್ತು. ವಿಗ್ರಹಾರಾಧನೆ ಮತ್ತು ಜಾತಿಭೇದಗಳನ್ನು ನಿರಾಕರಿಸಿದ ಈ ಸಮಾಜವನ್ನು ರಂಗರಾಯರು ಸೇರಿದರು. ಈ ನಡುವೆ ನಾಲ್ಕನೆಯ ತರಗತಿಯವರೆಗೆ ಓದಿದ್ದ ದಲಿತ ಯುವಕನೊಬ್ಬನಿಗೆ ಮಂಗಳೂರಿನ ನ್ಯಾಯಾಲಯದಲ್ಲಿ ಜವಾನನ ಕೆಲಸ ದೊರೆತಾಗ ಮೇಲ್ಜಾತಿಯ ಹಲವರು ಅದನ್ನು ವಿರೋಧಿಸಿದರು. ಓದು ಬಂದವನಿಗೂ ನ್ಯಾಯಾಲಯದ ಆವರಣದಲ್ಲೇ ಜಾಗವಿಲ್ಲವೆಂಬ ಈ ಸ್ಥಿತಿಯು ರಂಗರಾಯರನ್ನು ವಕೀಲಿ ವೃತ್ತಿಯಿಂದ ಪೂರ್ಣಾವಧಿಯ ಸೇವೆಯತ್ತ ಸೆಳೆಯಿತು.

ಶಾಲೆಗಳ ಸ್ಥಾಪನೆ

ಆಗಿನ ತುಳುನಾಡಿನಲ್ಲಿ ದಲಿತ ಕುಟುಂಬಗಳ ಬಹುಪಾಲು ಜನರು ಮೂಲದಾಳುಗಳಾಗಿ ಭೂಮಾಲೀಕರ ಮನೆಗಳಿಗೆ ಕಟ್ಟುಬಿದ್ದಿದ್ದರು. ಮಕ್ಕಳು ಐದಾರು ವರ್ಷಕ್ಕೇ ದನ ಮೇಯಿಸುವ ಅಥವಾ ಗದ್ದೆ ಕಾಯುವ ಕೆಲಸಕ್ಕೆ ಸೇರುತ್ತಿದ್ದರು. ಸಾರ್ವಜನಿಕ ಶಾಲೆಗಳ ಬಾಗಿಲು ಅವರಿಗೆ ಮುಚ್ಚಿತ್ತು. 1892ರಲ್ಲಿ ರಂಗರಾಯರು ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಕಟ್ಟಡದಲ್ಲಿ ದಲಿತ ಮಕ್ಕಳಿಗಾಗಿ ಮೊದಲ ಶಾಲೆಯನ್ನು ತೆರೆದರು. ಸುತ್ತಲಿನವರ ವಿರೋಧದಿಂದಾಗಿ ಶಾಲೆಯನ್ನು ಅಲ್ಲಿಂದ ಸ್ಥಳಾಂತರಿಸಬೇಕಾಯಿತು. ಕಲಿಸಲು ಮೇಲ್ಜಾತಿಯ ಶಿಕ್ಷಕರು ಮುಂದೆ ಬಾರದಿದ್ದುದರಿಂದ ಕ್ರೈಸ್ತ ಶಿಕ್ಷಕರ ನೆರವು ಪಡೆಯಲಾಯಿತು. ಕಂಕನಾಡಿ, ಬೋಳೂರು, ಅತ್ತಾವರ, ಮುಲ್ಕಿ, ಉಡುಪಿ ಮುಂತಾದ ಕಡೆಗಳಲ್ಲಿ ಕ್ರಮೇಣ ಶಾಲೆಗಳು ಆರಂಭವಾದವು.

ಶಾಲೆ ತೆರೆದರೂ ಮಕ್ಕಳನ್ನು ಉಳಿಸಿಕೊಳ್ಳುವುದು ಕಷ್ಟವಾಗಿತ್ತು. ಮಗುವಿನ ಒಂದು ದಿನದ ದುಡಿಮೆ ತಪ್ಪಿದರೂ ಮನೆಯ ಅನ್ನಕ್ಕೆ ಕುತ್ತು ಬರುತ್ತಿತ್ತು. ಇದನ್ನು ಅರಿತ ರಂಗರಾಯರು ಶಾಲೆಗೆ ಬಂದ ಪ್ರತಿ ಮಗುವಿಗೂ ದಿನಕ್ಕೆ 2 ಪೈಸೆ ಕೊಡುವ ಹಾಗೂ ಮಧ್ಯಾಹ್ನ ಊಟ ಹಾಕುವ ವ್ಯವಸ್ಥೆ ಮಾಡಿದರು. ಸರ್ಕಾರಗಳು ಮಧ್ಯಾಹ್ನದ ಬಿಸಿಯೂಟದ ಯೋಜನೆಗಳನ್ನು ರೂಪಿಸುವುದಕ್ಕೆ ದಶಕಗಳ ಮೊದಲೇ ಹಸಿವಿಗೂ ಹಾಜರಾತಿಗೂ ಇರುವ ನಂಟನ್ನು ಈ ಕ್ರಮ ಗುರುತಿಸಿತ್ತು.

ಡಿಪ್ರೆಸ್ಡ್ ಕ್ಲಾಸಸ್ ಮಿಷನ್

ಚದುರಿದ ಈ ಪ್ರಯತ್ನಗಳಿಗೆ ಸಾಂಸ್ಥಿಕ ರೂಪ ಕೊಡಲು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪನೆಯಾಯಿತು. ಶೇಡಿಗುಡ್ಡೆಯು ಇದರ ಕೇಂದ್ರವಾಯಿತು. ಮಿಷನ್ನಿನ ಕೆಲಸದಲ್ಲಿ ಮೂರು ಅಂಗಗಳಿದ್ದವು.

ವಿದ್ಯಾರ್ಥಿನಿಲಯ: ದೂರದ ಊರುಗಳ ಮಕ್ಕಳಿಗೆ ವಸತಿ ಮತ್ತು ಊಟ ಕೊಡಲಾಗುತ್ತಿತ್ತು. ಹಗಲು ಕಲಿತು ಸಂಜೆ ಒಡೆಯನ ಅಂಗಳಕ್ಕೆ ಮರಳುವ ಮಗುವಿಗೆ ಓದು ನಿಲ್ಲುತ್ತಿರಲಿಲ್ಲ. ನಿಲಯದಲ್ಲಿ ಉಳಿದ ಮಗುವಿಗೆ ದಿನಚರಿ, ಶುಚಿತ್ವ ಮತ್ತು ಓದಿನ ಸಮಯ ದೊರೆಯಿತು.

ಕೈಕಸುಬು: ನೇಯ್ಗೆ, ಮರಗೆಲಸ ಮುಂತಾದ ಕಸುಬುಗಳನ್ನು ಕಲಿಸಲಾಗುತ್ತಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳಿಂದಾಗಿ ನಗರದಲ್ಲಿ ಕುಶಲ ಕೆಲಸಗಾರರಿಗೆ ಬೇಡಿಕೆ ಇತ್ತು. ಕೂಲಿಯನ್ನು ಹಣದಲ್ಲಿ ಪಡೆಯುವ ಕಸುಬು ಕೈಗೆ ಬಂದರೆ ಮೂಲದಾಳುತನದಿಂದ ಹೊರಬರುವ ದಾರಿ ತೆರೆಯುತ್ತದೆ ಎಂಬುದು ಇದರ ಹಿಂದಿನ ವಿಚಾರ.

ನೆಲೆ: ಒಡೆಯರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಟುಂಬಗಳು ಮಕ್ಕಳನ್ನು ಶಾಲೆಗೆ ಕಳಿಸಿದ ಕಾರಣಕ್ಕೆ ಒಕ್ಕಲೆಬ್ಬಿಸಲ್ಪಡುವ ಭಯವಿತ್ತು. ಆದ್ದರಿಂದ ರಂಗರಾಯರು ಸರ್ಕಾರದಿಂದ ಜಮೀನು ಪಡೆದು ಕಾಪಿಕಾಡು, ಅತ್ತಾವರದ ಬಾಬುಗುಡ್ಡೆ ಮೊದಲಾದೆಡೆ ಮನೆ ನಿವೇಶನಗಳನ್ನು ಹಂಚಿಸಿದರು. ಕೊರಗ ಸಮುದಾಯದ ಏಳಿಗೆಗೂ ಶ್ರಮಿಸಿದರು.

ಅವರ ಒತ್ತಾಸೆಯಿಂದ ದಲಿತ ಸಮುದಾಯದ ಅಂಗಾರ ಮಾಸ್ತರ್ ಮತ್ತು ಗೋವಿಂದ ಮಾಸ್ತರ್ ಸ್ಥಳೀಯ ಆಡಳಿತ ಸಂಸ್ಥೆಗಳ ಸದಸ್ಯರಾದರು.

ಸಮಕಾಲೀನ ಸುಧಾರಣಾ ಶಾಲೆಗಳು

ಮಿಷನ್ ಸ್ಥಾಪನೆಯಾದ 1897ರಲ್ಲೇ ಬ್ರಿಟಿಷ್ ಸರ್ಕಾರವು ಸುಧಾರಣಾ ಶಾಲೆಗಳ ಕಾಯ್ದೆಯನ್ನು ಜಾರಿಗೆ ತಂದಿತು. 1876ರ ಕಾಯ್ದೆಯ ಬದಲಿಗೆ ಬಂದ ಇದರಂತೆ, ಅಪರಾಧ ಸಾಬೀತಾದ 15 ವರ್ಷದೊಳಗಿನ ಹುಡುಗನನ್ನು ಸೆರೆಮನೆಯ ಬದಲು 3ರಿಂದ 7 ವರ್ಷಗಳ ಕಾಲ ಸುಧಾರಣಾ ಶಾಲೆಗೆ ಕಳಿಸಬಹುದಿತ್ತು. 18 ತುಂಬಿದ ಮೇಲೆ ಅಲ್ಲಿ ಇರಿಸುವಂತಿರಲಿಲ್ಲ. ಮಂಗಳೂರು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದಲ್ಲಿ ಇಂಥ ಶಾಲೆಯು 1887ರಿಂದ ದೂರದ ಚೆಂಗಲ್ಪಟ್ಟಿನಲ್ಲಿತ್ತು. ಮಕ್ಕಳಿಗಾಗಿಯೇ ಪ್ರತ್ಯೇಕ ನ್ಯಾಯ ವ್ಯವಸ್ಥೆಗೆ ಅವಕಾಶ ನೀಡಿದ ಮದರಾಸು ಮಕ್ಕಳ ಕಾಯ್ದೆ ಬಂದದ್ದು 1920ರಲ್ಲಿ.

ಸುಧಾರಣಾ ಶಾಲೆಯಲ್ಲೂ ಮಿಷನ್ನಿನ ನಿಲಯದಲ್ಲೂ ವಸತಿ, ಓದು ಮತ್ತು ಕೈಕಸುಬುಗಳು ಜೊತೆಗೂಡಿದ್ದವು. ಆದರೆ ಎರಡರ ತಳಹದಿ ಬೇರೆ. ಸುಧಾರಣಾ ಶಾಲೆಗೆ ಹುಡುಗನು ನ್ಯಾಯಾಲಯದ ಆದೇಶದಿಂದ ಸೇರುತ್ತಿದ್ದನು ಮತ್ತು ಅವಧಿ ಮುಗಿಯುವವರೆಗೆ ಮನೆಯಿಂದ ದೂರವಿರುತ್ತಿದ್ದನು. ರಂಗರಾಯರ ನಿಲಯಕ್ಕೆ ಬಂದ ಮಕ್ಕಳು ಯಾವ ಅಪರಾಧವನ್ನೂ ಮಾಡಿದವರಲ್ಲ. ಹುಟ್ಟಿನ ಕಾರಣಕ್ಕೆ ಸಮಾಜವು ಅವರನ್ನು ಹೊರಗಿಟ್ಟಿತ್ತು. ಪೋಷಕರ ಒಪ್ಪಿಗೆಯೇ ಅಲ್ಲಿನ ಆಧಾರವಾಗಿತ್ತು. ಮಗು ಮರಳಿ ಹೋಗುವ ಮನೆಗೂ ನೆಲೆ ಒದಗಿಸುವುದು ಯೋಜನೆಯ ಭಾಗವಾಗಿತ್ತು. ಶಿಕ್ಷೆಯ ನಂತರದ ಪುನರ್ವಸತಿಗಿಂತ ಶಿಕ್ಷಣದ ಮೂಲಕ ಪುನರ್ವಸತಿ ಎಂಬುದು ಇದರಿಂದ ಕಂಡುಬರುವ ಮುಖ್ಯ ವ್ಯತ್ಯಾಸ.

ಬಹಿಷ್ಕಾರ

ದಲಿತರೊಂದಿಗೆ ಒಡನಾಡಿದ ಕಾರಣಕ್ಕೆ ಸ್ವಂತ ಸಮುದಾಯವು ರಂಗರಾಯರ ಕುಟುಂಬಕ್ಕೆ ಬಹಿಷ್ಕಾರ ಹಾಕಿತು. ಬಂಧುಬಳಗ ದೂರವಾಯಿತು. ಪತ್ನಿ ರುಕ್ಮಿಣಿ ಬಾಯಿ ಈ ಕಷ್ಟಗಳಲ್ಲಿ ಅವರ ಜೊತೆ ನಿಂತರು. ವಿರೋಧದ ನಡುವೆಯೂ ಅವರ ಸೇವೆಯನ್ನು ಗುರುತಿಸಿದ ಸರ್ಕಾರವು ರಾವ್ ಸಾಹೇಬ್ ಬಿರುದನ್ನು ನೀಡಿತು.

ಕುಟುಂಬ

ಮಗಳು ರಾಧಾಬಾಯಿ (1891–1960) ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಮತ್ತು ಆಕ್ಸ್‌ಫರ್ಡಿನ ಸೋಮರ್ವಿಲ್ ಕಾಲೇಜಿನಲ್ಲಿ ಓದಿದರು. ಅವರು ಅಂತರ್ಜಾತಿ ವಿವಾಹವಾಗಿ ಪಿ. ಸುಬ್ಬರಾಯನ್ ಅವರನ್ನು ವರಿಸಿದರು. ಸುಬ್ಬರಾಯನ್ 1926ರಿಂದ 1930ರವರೆಗೆ ಮದರಾಸು ಪ್ರಾಂತದ ಪ್ರಧಾನಿಯಾಗಿದ್ದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ. ಪಿ. ಕುಮಾರಮಂಗಲಂ, ಕೇಂದ್ರ ಸಚಿವ ಮೋಹನ್ ಕುಮಾರಮಂಗಲಂ ಮತ್ತು ಸಂಸದೆ ಪಾರ್ವತಿ ಕೃಷ್ಣನ್ ರಂಗರಾಯರ ಮೊಮ್ಮಕ್ಕಳು.

ಕೊನೆಯ ವರ್ಷಗಳು

ತಮ್ಮ ನಂತರವೂ ಸಂಸ್ಥೆ ನಡೆಯಬೇಕೆಂಬ ಉದ್ದೇಶದಿಂದ ರಂಗರಾಯರು ಮಿಷನ್ನಿನ ಹೊಣೆಯನ್ನು ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿದರು. 1927ರಲ್ಲಿ ಸನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದ ಎಂಬ ಹೆಸರು ಪಡೆದರು. 1928ರ ಜನವರಿ 30ರಂದು ನಿಧನರಾದರು. ತಮ್ಮ ಅಂತ್ಯಸಂಸ್ಕಾರವನ್ನು ಸಮಾಜವು ಅತ್ಯಂತ ಕೀಳೆಂದು ಕಂಡಿದ್ದ ತೋಟಿ ವೃತ್ತಿಯ ಜನರೇ ನೆರವೇರಿಸಬೇಕೆಂಬುದು ಅವರ ಇಚ್ಛೆಯಾಗಿತ್ತು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ಉನ್ನತ ಹುದ್ದೆಗೇರಿ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಬದುಕು ಸಾರ್ಥಕವೆಂದು ಅವರು ಭಾವಿಸಿದ್ದರು. ಈ ಆಶಯವು ಕರಾವಳಿಯಲ್ಲಿ ಇಂದಿಗೂ ಜನಜನಿತವಾಗಿದೆ.

ಸ್ಮರಣೆ

ಅತ್ತಾವರದ ಬಾಬುಗುಡ್ಡೆಯಲ್ಲಿ ರಂಗರಾಯರ ಸಮಾಧಿಯಿದೆ. ಅವರ ಜನ್ಮದಿನದಂದು ದಲಿತ ಸಂಘಟನೆಗಳು ಮತ್ತು ಸಾರ್ವಜನಿಕರು ಇಲ್ಲಿ ಗೌರವ ಸಲ್ಲಿಸುತ್ತಾರೆ. ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾವ್ ಪುರಭವನ ಎಂದು ಹೆಸರಿಡಲಾಗಿದೆ. ನಗರದ ವಿದ್ಯಾರ್ಥಿನಿಲಯಕ್ಕೂ ಅವರ ಹೆಸರಿದೆ.