42ನೇ ವಯಸ್ಸಿನ ಹೊಸ ಆಟಗಾರ: ಸ್ಯಾಚೆಲ್ ಪೇಜ್

ನಮಗೆ ಕ್ರಿಕೆಟ್ ಹೇಗೋ ಅಮೆರಿಕದವರಿಗೆ ಬೇಸ್‌ಬಾಲ್ ಹಾಗೆ. ನಮ್ಮ ಬೌಲರ್ ಇದ್ದ ಹಾಗೆ ಅಲ್ಲಿ ಪಿಚರ್ ಅಂತ ಒಬ್ಬ ಇರುತ್ತಾನೆ. ಅವನು ಓಡಿ ಬರುವ ಹಾಗಿಲ್ಲ. ಒಂದು ಸಣ್ಣ ಮಣ್ಣಿನ ದಿಬ್ಬದ ಮೇಲೆ ನಿಂತು, 60 ಅಡಿ 6 ಅಂಗುಲ ದೂರಕ್ಕೆ, ಚೆಂಡು ನೆಲಕ್ಕೆ ಪುಟಿಯದ ಹಾಗೆ ಎಸೆಯಬೇಕು. ಮೊಣಕೈ ಮಡಿಸಿ ಎಸೆದರೂ ನೋಬಾಲ್ ಅನ್ನುವವರಿಲ್ಲ!

ಇನ್ನೊಂದು ವ್ಯತ್ಯಾಸ ಇದೆ. ನಮ್ಮಲ್ಲಿ ಒಂದು ಓವರ್ ಮುಗಿದರೆ ಬೌಲರ್ ದೂರ ಹೋಗಿ ನಿಂತು ಸುಧಾರಿಸಿಕೊಳ್ಳಬಹುದು. ಅಲ್ಲಿ ಒಬ್ಬನೇ ಪಿಚರ್ ಒಂದೇ ಸಮನೆ ಎಸೆಯುತ್ತಾ ಇರಬೇಕು. ಅವನ ಕೈ ಸೋತಾಗ, ಇಲ್ಲವೇ ಎದುರಾಳಿಗಳು ಚಚ್ಚಲು ಶುರುಮಾಡಿದಾಗ ಅವನನ್ನು ತೆಗೆದು ಬೇರೆಯವನನ್ನು ಕಳಿಸುತ್ತಾರೆ. ಒಮ್ಮೆ ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಹೀಗೆ ನಡುವೆ ಬರುವವನೇ ರಿಲೀಫ್ ಪಿಚರ್. ಅವನದು ಬಹಳ ಕಷ್ಟದ ಕೆಲಸ. ಯಾರೋ ಮಾಡಿಟ್ಟ ಪೇಚಾಟವನ್ನು ಬಿಡಿಸಬೇಕು, ಸೋತರೆ ಮಾತ್ರ ಬೈಗುಳ ತಾನು ತಿನ್ನಬೇಕು. ಇಂಥ ಕೆಲಸವನ್ನು 46ನೇ ವಯಸ್ಸಿನಲ್ಲೂ ಮಾಡಿದ ಕಪ್ಪು ಜನಾಂಗದ ಒಬ್ಬ ದೊಡ್ಡ ಆಟಗಾರನ ಜೀವನ ಇದು.

ಹೆಸರು ಲೀರಾಯ್ ಪೇಜ್. ಹುಟ್ಟಿದ್ದು 1906ರ ಜುಲೈ 7ರಂದು, ಅಲಬಾಮಾ ರಾಜ್ಯದ ಮೊಬೀಲ್ ಎಂಬ ಬಂದರು ಊರಿನಲ್ಲಿ. (ಇಂಗ್ಲಿಷಿನಲ್ಲಿ ಬರೆದರೆ ನಮ್ಮ ಕೈಯಲ್ಲಿರೋ ಮೊಬೈಲ್ ಅಂತಾನೇ ಓದಬೇಕು!) ತಂದೆ ತೋಟದ ಮಾಲಿ, ತಾಯಿ ಬೇರೆಯವರ ಬಟ್ಟೆ ಒಗೆಯುತ್ತಿದ್ದಳು. ಮನೆ ತುಂಬ ಮಕ್ಕಳು. ಹುಡುಗ ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಚೀಲ ಹೊತ್ತು ಕಾಸು ಸಂಪಾದಿಸುತ್ತಿದ್ದ. ಒಂದೊಂದೇ ಹೊತ್ತರೆ ಗಿಟ್ಟುವುದಿಲ್ಲ ಅಂತ ಒಂದು ಕೋಲಿಗೆ ಹಗ್ಗ ಕಟ್ಟಿ, ಒಂದೇ ಸಲಕ್ಕೆ ಮೂರು ನಾಲ್ಕು ಚೀಲ ನೇತುಹಾಕಿಕೊಂಡು ನಡೆಯುತ್ತಿದ್ದನಂತೆ. ಸ್ಯಾಚೆಲ್ ಅಂದರೆ ಕೈಚೀಲ. ಆ ಹೆಸರೇ ನಿಂತಿತು. ಅವನ ಬಾಲ್ಯದ ಗೆಳೆಯ ಮಾತ್ರ ಬೇರೆ ಕಥೆ ಹೇಳುತ್ತಿದ್ದ: ಚೀಲ ಹೊತ್ತದ್ದಕ್ಕಲ್ಲ, ಕದಿಯಲು ಹೋಗಿ ಸಿಕ್ಕಿಬಿದ್ದದ್ದಕ್ಕೆ ಆ ಹೆಸರು ಬಂತು ಅಂತ.

ಎರಡನೇ ಕಥೆಯನ್ನು ತಳ್ಳಿಹಾಕುವ ಹಾಗಿಲ್ಲ. ಯಾಕೆಂದರೆ 1918ರಲ್ಲಿ, 12 ವರ್ಷದ ಹುಡುಗನಿದ್ದಾಗ, ಅಂಗಡಿಯಲ್ಲಿ ಕದ್ದದ್ದಕ್ಕೆ ಮತ್ತು ಶಾಲೆ ತಪ್ಪಿಸಿದ್ದಕ್ಕೆ ಅವನನ್ನು ಮೌಂಟ್ ಮೇಗ್ಸ್ ಎಂಬಲ್ಲಿದ್ದ ಕಪ್ಪು ಮಕ್ಕಳ ಸುಧಾರಣಾ ಶಾಲೆಗೆ ಹಾಕಿದರು. ಐದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದ. ಅದುವರೆಗೆ ಕಲ್ಲು ಎಸೆಯುವುದರಲ್ಲಿ ಗುರಿಕಾರನಾಗಿದ್ದ ಹುಡುಗನಿಗೆ ಅಲ್ಲಿ ಚೆಂಡು ಎಸೆಯಲು ಕಲಿಸಿದರು. ಕಾಲನ್ನು ಎತ್ತರಕ್ಕೆ ಎತ್ತಿ, ಉದ್ದನೆಯ ಕೈಯನ್ನು ಹಿಂದಕ್ಕೆ ಚಾಚಿ ಬೀಸಿದರೆ ಚೆಂಡು ಎಲ್ಲಿಂದ ಬಂತು ಅಂತಾನೇ ಎದುರಿನವನಿಗೆ ತಿಳಿಯುತ್ತಿರಲಿಲ್ಲ. 1923ರ ಕೊನೆಗೆ ಹೊರಗೆ ಬಂದ. ಮುಂದಿನ ವರ್ಷವೇ ಊರಿನ ತಂಡಕ್ಕೆ ಸೇರಿದ. 1926ರಿಂದ ಆಟವೇ ಹೊಟ್ಟೆಪಾಡು ಆಯಿತು.

ಇಷ್ಟು ಚೆನ್ನಾಗಿ ಆಡುವವನನ್ನು ದೊಡ್ಡ ತಂಡದವರು ಕರೆಯಲಿಲ್ಲವೇ ಅಂತ ನೀವು ಕೇಳಬಹುದು. ಕರೆಯಲಿಲ್ಲ. ಮೇಜರ್ ಲೀಗ್ ಎಂಬ ದೊಡ್ಡ ಪಂದ್ಯಗಳಲ್ಲಿ ಬಿಳಿಯರು ಮಾತ್ರ ಆಡುತ್ತಿದ್ದರು. ಕಪ್ಪು ಜನರನ್ನು ಸೇರಿಸಬಾರದು ಅಂತ ಕಾನೂನು ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ, ಆದರೆ ಹತ್ತೊಂಬತ್ತನೇ ಶತಮಾನದಿಂದಲೂ ಎಲ್ಲ ತಂಡದ ಮಾಲೀಕರೂ ಹಾಗೇ ನಡೆದುಕೊಂಡು ಬಂದಿದ್ದರು. ಕಪ್ಪು ಆಟಗಾರರು ತಮ್ಮದೇ ಲೀಗ್ ಕಟ್ಟಿಕೊಂಡರು. ಆ ಕಾಲದ ಹೆಸರಿನಂತೆ ಅದು ನೀಗ್ರೋ ಲೀಗ್. ಊರಿಂದ ಊರಿಗೆ ಬಸ್ಸಿನಲ್ಲಿ ತಿರುಗಾಟ, ಬಿಳಿಯರ ಹೋಟೆಲಿನಲ್ಲಿ ಜಾಗ ಇಲ್ಲ, ಎಷ್ಟೋ ರಾತ್ರಿ ಬಸ್ಸಿನಲ್ಲೇ ನಿದ್ದೆ. ಪೇಜ್ ಬರ್ಮಿಂಗ್‌ಹ್ಯಾಮ್, ಪಿಟ್ಸ್‌ಬರ್ಗ್, ಕಾನ್ಸಾಸ್ ಸಿಟಿ ಅಂತ ಹತ್ತಾರು ತಂಡಗಳಿಗೆ ಆಡಿದ. ಯಾರು ಹೆಚ್ಚು ದುಡ್ಡು ಕೊಟ್ಟರೆ ಅಲ್ಲಿಗೆ ಹೊರಟುಬಿಡುತ್ತಿದ್ದ. ಅದಕ್ಕಾಗಿ ಅವನನ್ನು ಬೈದವರಿದ್ದಾರೆ. ಆದರೆ ದೊಡ್ಡ ಬಾಗಿಲು ಮುಚ್ಚಿರುವಾಗ ಸಣ್ಣ ಬಾಗಿಲುಗಳಲ್ಲಿ ಚೌಕಾಸಿ ಮಾಡದೆ ಇನ್ನೇನು ಮಾಡಬೇಕಿತ್ತು?

ಚಳಿಗಾಲದಲ್ಲಿ ಪ್ರದರ್ಶನ ಪಂದ್ಯ ಏರ್ಪಡಿಸುತ್ತಿದ್ದರು. ಅಲ್ಲಿ ಮಾತ್ರ ಬಿಳಿಯರೂ ಕಪ್ಪು ಜನರೂ ಎದುರುಬದುರು ಆಡಬಹುದಿತ್ತು. 1934ರಲ್ಲಿ ಮೇಜರ್ ಲೀಗಿನಲ್ಲಿ 30 ಪಂದ್ಯ ಗೆದ್ದಿದ್ದ ಡಿಜ್ಜಿ ಡೀನ್ ಎಂಬ ಪ್ರಸಿದ್ಧ ಪಿಚರ್ ಪೇಜ್‌ನ ಎದುರು ಆಡಿ, ಇವನು ತನಗಿಂತ ಮೇಲು ಅಂತ ಒಪ್ಪಿಕೊಂಡ. ಒಪ್ಪಿಕೊಂಡರೂ ಬಾಗಿಲು ತೆರೆಯಲಿಲ್ಲ.

1938ರಲ್ಲಿ ಮೆಕ್ಸಿಕೋದಲ್ಲಿ ಆಡುತ್ತಿದ್ದಾಗ ಕೈಗೆ ವಿಪರೀತ ನೋವು ಬಂತು. ತೋಳು ಎತ್ತಲಾಗದ ಸ್ಥಿತಿ. ವೈದ್ಯರು ಇನ್ನು ಆಟ ಮುಗಿಯಿತು ಅಂದರು. ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದ ಮಾಲೀಕ ವಿಲ್ಕಿನ್ಸನ್ ಮಾತ್ರ ಕರೆದು ತನ್ನ ಎರಡನೇ ತಂಡದಲ್ಲಿ ಇಟ್ಟುಕೊಂಡ. ಮುಂದಿನ ವರ್ಷ ಕೈ ನಿಧಾನವಾಗಿ ಸರಿಹೋಯಿತು. ಅದುವರೆಗೆ ಬರೀ ವೇಗವನ್ನೇ ನಂಬಿದ್ದವನು ಈಗ ತಿರುವು, ನಿಧಾನದ ಚೆಂಡು, ಎಸೆಯುವ ಮಧ್ಯೆ ಒಂದು ಕ್ಷಣ ತಡೆದು ಬಿಡುವ ಎಸೆತ ಎಲ್ಲವನ್ನೂ ಕಲಿತ. 42ನೇ ವಯಸ್ಸಿನಲ್ಲಿ ಆಡಲು ಸಾಧ್ಯವಾದದ್ದು ಈ ನೋವಿನಿಂದಲೇ ಅಂತ ನನಗನ್ನಿಸುತ್ತದೆ.

ಮೊನಾರ್ಕ್ಸ್ ತಂಡದಲ್ಲಿ ಹಿಲ್ಟನ್ ಸ್ಮಿತ್ ಅಂತ ಇನ್ನೊಬ್ಬ ಪಿಚರ್ ಇದ್ದ. ಜನ ಟಿಕೆಟು ಕೊಳ್ಳುತ್ತಿದ್ದದ್ದು ಪೇಜ್‌ನನ್ನು ನೋಡಲು. ಆದ್ದರಿಂದ ಎಷ್ಟೋ ಪಂದ್ಯಗಳಲ್ಲಿ ಪೇಜ್ ಮೊದಲ ಮೂರು ಇನ್ನಿಂಗ್ಸ್ ಎಸೆದು ಹೋಗುತ್ತಿದ್ದ, ಉಳಿದ ಆರು ಸ್ಮಿತ್‌ನ ಪಾಲು. ಕೆಲಸ ಸ್ಮಿತ್‌ನದು, ಹೆಸರು ಪೇಜ್‌ನದು. ಈ ಸ್ಮಿತ್‌ಗೆ ಗೌರವ ಸಿಕ್ಕಿದ್ದು 2001ರಲ್ಲಿ, ಅವನು ಸತ್ತು 18 ವರ್ಷದ ಮೇಲೆ.

1945ರಲ್ಲಿ ಅದೇ ಮೊನಾರ್ಕ್ಸ್ ತಂಡಕ್ಕೆ ಜಾಕಿ ರಾಬಿನ್ಸನ್ ಎಂಬ ಯುವಕ ಬಂದ. ಆ ವರ್ಷವೇ ಬ್ರೂಕ್ಲಿನ್ ತಂಡದವರು ಅವನನ್ನು ಆರಿಸಿಕೊಂಡರು. 1947ರ ಏಪ್ರಿಲ್ 15ರಂದು ಅವನು ಮೇಜರ್ ಲೀಗಿಗೆ ಕಾಲಿಟ್ಟ, ಬಣ್ಣದ ಗೋಡೆ ಒಡೆಯಿತು. ದೇಶವೆಲ್ಲ ಸಂಭ್ರಮಪಟ್ಟ ಕಪ್ಪು ಜನರ ಜೊತೆ ಪೇಜ್ ಕೂಡ ಸಂತೋಷಪಟ್ಟ. ಆದರೆ ಇಪ್ಪತ್ತು ವರ್ಷ ಕಾದವನು ತಾನು, ಮೊದಲು ಹೋದವನು ಬೇರೆ. ಆ ಸಂಕಟ ಒಳಗೇ ಇತ್ತು.

ಕೊನೆಗೆ 1948ರ ಜುಲೈ 7, ಅವನ 42ನೇ ಹುಟ್ಟುಹಬ್ಬದ ದಿನ, ಕ್ಲೀವ್‌ಲೆಂಡ್ ಇಂಡಿಯನ್ಸ್ ತಂಡದ ಮಾಲೀಕ ಬಿಲ್ ವೆಕ್ ಅವನನ್ನು ಸೇರಿಸಿಕೊಂಡ. ಮುದುಕನನ್ನು ತಂದು ಜನ ಸೇರಿಸುವ ಗಿಮಿಕ್ ಇದು ಅಂತ ಪತ್ರಿಕೆಯಲ್ಲಿ ಬರೆದರು. ಎರಡು ದಿನ ಬಿಟ್ಟು, ತಂಡ 1–4ರಲ್ಲಿ ಹಿಂದೆ ಬಿದ್ದಿದ್ದಾಗ ಐದನೇ ಇನ್ನಿಂಗ್ಸಿಗೆ ಪೇಜ್‌ನನ್ನು ಕಳಿಸಿದರು. ಮೇಜರ್ ಲೀಗಿಗೆ ಅವನು ಬಂದದ್ದೇ ರಿಲೀಫ್ ಪಿಚರ್ ಆಗಿ! ಎರಡು ಇನ್ನಿಂಗ್ಸ್ ಎಸೆದ, ಒಂದು ರನ್ನೂ ಕೊಡಲಿಲ್ಲ. ಆಗಸ್ಟ್ 20ರಂದು ಅವನು ಮೊದಲಿಂದ ಕೊನೆತನಕ ಎಸೆದು 1–0ಯಿಂದ ಗೆಲ್ಲಿಸಿದ ಪಂದ್ಯಕ್ಕೆ 78,382 ಜನ ಸೇರಿದ್ದರು. ಆ ವರ್ಷ 6 ಗೆಲುವು, 1 ಸೋಲು. ಮುದುಕ ಅಂದವರು ಬಾಯಿ ಮುಚ್ಚಿಕೊಂಡರು. ಅದೇ ವರ್ಷ ಕ್ಲೀವ್‌ಲೆಂಡ್ ವರ್ಲ್ಡ್ ಸೀರೀಸ್ ಗೆದ್ದಿತು. ಅದರಲ್ಲಿ ಎಸೆದ ಮೊದಲ ಕಪ್ಪು ಪಿಚರ್ ಪೇಜ್. ಆದರೆ ಅವನಿಗೆ ಸಿಕ್ಕಿದ್ದು ಎರಡೇ ಎರಡು ವಿಕೆಟ್ಟಿನಷ್ಟು ಹೊತ್ತು.

ವೆಕ್ 1951ರಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್ ತಂಡ ಕೊಂಡಾಗ ಪೇಜ್‌ನನ್ನು ಮತ್ತೆ ಕರೆದ. ಬ್ರೌನ್ಸ್ ಯಾವಾಗಲೂ ಸೋಲುವ ತಂಡ. ಅಂಥ ತಂಡದಲ್ಲಿ ರಿಲೀಫ್ ಪಿಚರ್‌ಗೆ ಬಿಡುವೇ ಇಲ್ಲ. 1952ರಲ್ಲಿ ಪೇಜ್ 46 ಪಂದ್ಯಗಳಲ್ಲಿ ದಿಬ್ಬ ಹತ್ತಿದ, 12 ಗೆದ್ದ. ಬಹಳಷ್ಟು ಸಲ ಬಂದದ್ದು ನಡುವೆ. ಆದರೆ ಆಗಸ್ಟ್ 6ರಂದು ಅವನನ್ನೇ ಮೊದಲಿಂದ ಇಳಿಸಿದರು. ಡೆಟ್ರಾಯಿಟ್ ಎದುರು ಒಂಬತ್ತು ಇನ್ನಿಂಗ್ಸ್ ಮುಗಿದರೂ 0–0. ಹತ್ತು, ಹನ್ನೊಂದು, ಹನ್ನೆರಡು... ಬದಲಿಗೆ ಯಾರೂ ಬರಲಿಲ್ಲ, ಪೇಜ್ ಬೇಡವೆಂದೇ ಎಸೆದ. 1–0ಯಿಂದ ಗೆದ್ದ. ವಯಸ್ಸು 46!

ವಯಸ್ಸಿನ ವಿಷಯ ಬಂದರೆ ಅವನು ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಹೇಳುತ್ತಿದ್ದ. ಹುಟ್ಟಿದ ದಿನ ಬರೆದಿಟ್ಟಿದ್ದ ಬೈಬಲನ್ನು ಮನೆಯ ಮೇಕೆ ತಿಂದುಬಿಟ್ಟಿತು ಅಂತ ನಗಿಸುತ್ತಿದ್ದ.

1965ರ ಸೆಪ್ಟೆಂಬರ್ 25ರಂದು ಕಾನ್ಸಾಸ್ ಸಿಟಿ ಅಥ್ಲೆಟಿಕ್ಸ್ ತಂಡ ಅವನನ್ನು ಒಂದೇ ಪಂದ್ಯಕ್ಕೆ ಕರೆಯಿತು. ಆಗ ವಯಸ್ಸು 59. ತಮಾಷೆಗೆ ಅಂತ ಪಕ್ಕದಲ್ಲಿ ತೂಗುಕುರ್ಚಿ, ಜೊತೆಗೆ ಒಬ್ಬಳು ನರ್ಸು! ಬಾಸ್ಟನ್ ತಂಡದ ಎದುರು ಮೂರು ಇನ್ನಿಂಗ್ಸ್ ಎಸೆದ. ಒಂದೇ ಒಂದು ಹೊಡೆತ ತಿಂದ, ರನ್ ಕೊಡಲಿಲ್ಲ. ಮೇಜರ್ ಲೀಗಿನಲ್ಲಿ ಅಷ್ಟು ವಯಸ್ಸಾದವರು ಬೇರೆ ಯಾರೂ ಎಸೆದಿಲ್ಲ.

ಇಷ್ಟೆಲ್ಲ ಆಡಿದರೂ ಪಿಂಚಣಿ ಇರಲಿಲ್ಲ. ಮೇಜರ್ ಲೀಗಿನಲ್ಲಿ ಐದು ವರ್ಷ ತುಂಬಬೇಕಿತ್ತು, ಅವನಿಗೆ 158 ದಿನ ಕಡಿಮೆ. ನೀಗ್ರೋ ಲೀಗಿನ ಇಪ್ಪತ್ತು ವರ್ಷ ಯಾರ ಲೆಕ್ಕದಲ್ಲೂ ಇಲ್ಲ. ತಂಡಗಳಿಗೆ ಪತ್ರ ಬರೆದು ಕೇಳಿಕೊಂಡ. 1968ರಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡದವರು ಕೆಲಸಕ್ಕೆ ಸೇರಿಸಿಕೊಂಡು ಆ ದಿನ ತುಂಬಿಸಿಕೊಟ್ಟರು. 1971ರಲ್ಲಿ ಬೇಸ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಅವನನ್ನು ಆರಿಸಿದಾಗಲೂ, ಕಪ್ಪು ಆಟಗಾರರಿಗೆ ಬೇರೆ ಜಾಗ ಇಡುತ್ತೇವೆ ಅಂದರು. ಜನ ಗಲಾಟೆ ಮಾಡಿದ ಮೇಲೆ ಎಲ್ಲರ ಸಾಲಿನಲ್ಲೇ ಇಟ್ಟರು. ನೀಗ್ರೋ ಲೀಗ್ ಕೂಡ ಮೇಜರ್ ಲೀಗೇ ಅಂತ ಅಧಿಕೃತವಾಗಿ ಒಪ್ಪಿಕೊಂಡದ್ದು 2020ರಲ್ಲಿ.

ಅದನ್ನು ನೋಡಲು ಅವನಿರಲಿಲ್ಲ. 1982ರ ಜೂನ್ 5ರಂದು ಕಾನ್ಸಾಸ್ ಸಿಟಿಯಲ್ಲಿ ಒಂದು ಮೈದಾನಕ್ಕೆ ಅವನ ಹೆಸರಿಟ್ಟರು. ಆ ಸಮಾರಂಭಕ್ಕೆ ಗಾಲಿಕುರ್ಚಿಯಲ್ಲಿ ಬಂದಿದ್ದ. ಮೂರು ದಿನದ ಮೇಲೆ, ಜೂನ್ 8ರಂದು, ಅದೇ ಊರಿನಲ್ಲಿ ತೀರಿಕೊಂಡ.