ಹಾವಿನ ವಿಷ ಪರೀಕ್ಷಿಸಿದ ಡಾ. ಪ್ಯಾಟ್ರಿಕ್ ರಸೆಲ್



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ವಿಜ್ಞಾನಿಯ ಜೀವನ ಚರಿತ್ರೆ ಬರೆಯಿರಿ ಅಂತ ಮೇಷ್ಟ್ರು ಹೇಳಿದಾಗ ಬಹಳ ಜನ ಸರ್ ಸಿ.ವಿ. ರಾಮನ್ ಹೆಸರು ಕೊಟ್ಟರು. ನಾನು ಕೊಟ್ಟ ಹೆಸರು ಕೇಳಿ ಕೆಲವರು ನಕ್ಕರು. ಆದರೆ ಆ ಹೆಸರು ನಮ್ಮ ಮನೆಯಲ್ಲೇ ಇದೆ, ನಮ್ಮ ಚಿಕ್ಕಪ್ಪನ ಆಸ್ಪತ್ರೆ ಚೀಟಿಯಲ್ಲಿ.

ಹೋದ ವರ್ಷ ದೀಪಾವಳಿಗೆ ಮುಂಚೆ ಹೊಲದಲ್ಲಿ ಶೇಂಗಾ ಬಳ್ಳಿ ಒಟ್ಟುತ್ತಿದ್ದಾಗ ಚಿಕ್ಕಪ್ಪನ ಕಾಲಿಗೆ ಹಾವು ಕಚ್ಚಿತು. ಕೊಳಕುಮಂಡಲ. ಚಿಕ್ಕಪ್ಪ ಹೆದರಲೇ ಇಲ್ಲ. ಹತ್ತು ವರ್ಷದ ಹಿಂದೆ ಒಂದು ಸಲ ಹಾವು ಕಚ್ಚಿದಾಗ ಮಂತ್ರ ಹಾಕಿಸಿ, ಬೇರು ಅರೆದು ಕುಡಿದು ಸಂಜೆಗೆ ಎದ್ದು ಓಡಾಡಿದ್ದರಂತೆ. ಈಗಲೂ ಅಲ್ಲಿಗೇ ಹೋದರು. ಮೂರು ಗಂಟೆ ಹೊತ್ತು ಅಲ್ಲೇ ಕೂತರು. ಕಾಲು ಬಾತು ಕಂಬದಂತಾಯ್ತು, ವಸಡಿನಿಂದ ರಕ್ತ ಬಂತು. ಆಮೇಲೆ ಆಸ್ಪತ್ರೆಗೆ ಕರ್ಕೊಂಡು ಹೋದರು. ಅಲ್ಲಿಂದ ಬಂದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ರಸೆಲ್ಸ್ ವೈಪರ್ ಅಂತ ಬರೆದಿತ್ತು. ನಮ್ಮ ಹೊಲದ ಹಾವಿಗೆ ಬಿಳಿಯರ ಹೆಸರು ಯಾಕೆ ಅಂತ ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನೂ, ಅವರು ಕೊಟ್ಟ ಪುಸ್ತಕಗಳಲ್ಲಿ ಓದಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಪ್ಯಾಟ್ರಿಕ್ ರಸೆಲ್ಲರು 1727ರಲ್ಲಿ ಸ್ಕಾಟ್ಲೆಂಡ್ ದೇಶದ ಎಡಿನ್‌ಬರೋ ನಗರದಲ್ಲಿ ಜನಿಸಿದರು. ತಂದೆ ವಕೀಲರು. ರಸೆಲ್ಲರು ವೈದ್ಯ ವಿದ್ಯೆ ಕಲಿತು 1750ರಲ್ಲಿ ಸಿರಿಯಾ ದೇಶದ ಅಲೆಪ್ಪೋ ಎಂಬ ಊರಿಗೆ ಹೋದರು. ಅಲ್ಲಿ ಅವರ ಅಣ್ಣ ಅಲೆಗ್ಸಾಂಡರ್ ಆಗಲೇ ಡಾಕ್ಟರಾಗಿದ್ದರು. ಅಣ್ಣ ಊರಿಗೆ ವಾಪಸ್ ಹೋದ ಮೇಲೆ 1753ರಿಂದ ಆ ಕೆಲಸ ಇವರದೇ ಆಯಿತು. 1760ರಿಂದ 1762ರವರೆಗೆ ಅಲ್ಲಿ ಪ್ಲೇಗ್ ಬಂತು. ರಸೆಲ್ಲರು ಊರು ಬಿಟ್ಟು ಓಡದೆ ರೋಗಿಗಳನ್ನು ನೋಡಿದರು, ಕಂಡಿದ್ದನ್ನೆಲ್ಲ ಬರೆದಿಟ್ಟರು. ಅಲ್ಲಿನ ಪಾಷಾ ಅಂದ್ರೆ ಅಧಿಕಾರಿ ಮೆಚ್ಚಿ ಇವರಿಗೆ ರುಮಾಲು ಸುತ್ತಿಕೊಳ್ಳುವ ಮರ್ಯಾದೆ ಕೊಟ್ಟರು. ಆ ಊರಲ್ಲಿ ಪರದೇಶದವರಿಗೆ ಅದು ದೊಡ್ಡ ಗೌರವವಂತೆ. ನಮ್ಮ ತಾತ ದಿನಾ ಸುತ್ತಿಕೊಳ್ಳುತ್ತಾರೆ, ಅವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ರಸೆಲ್ಲರ ತಮ್ಮ ಕ್ಲಾಡ್ ಎಂಬುವರು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಅವರ ಜೊತೆ ರಸೆಲ್ಲರು 1781ರಲ್ಲಿ ಹೊರಟು ವಿಶಾಖಪಟ್ಟಣಕ್ಕೆ ಬಂದರು. ಆಗ ಅವರಿಗೆ ವಯಸ್ಸು 50 ದಾಟಿತ್ತು. 1785ರಲ್ಲಿ ಕಂಪನಿಯ ಸಸ್ಯಶಾಸ್ತ್ರಜ್ಞ ಕೋನಿಗ್ ತೀರಿಕೊಂಡಾಗ ಮದರಾಸು ಸರ್ಕಾರ ಆ ಕೆಲಸಕ್ಕೆ ಇವರನ್ನೇ ನೇಮಿಸಿತು. ಗಿಡ ಮರ ನೋಡುವ ಕೆಲಸವೇನೋ ಸರಿ. ಆದರೆ ಹಾವು ಕಚ್ಚಿ ಜನ ಸಾಯುವುದು ಅವರ ಮನಸ್ಸಿಗೆ ಹತ್ತಿತು. ಯಾವ ಹಾವು ವಿಷದ್ದು, ಯಾವುದು ಅಲ್ಲ ಅಂತ ಜನರಿಗೆ ಗುರುತು ಸಿಗಬೇಕು, ಅದು ಗೊತ್ತಾದರೆ ಅರ್ಧ ಭಯ ಹೋಗುತ್ತೆ ಅನ್ನೋದು ಅವರ ಯೋಚನೆ. 1787ರಲ್ಲಿ ಸರ್ಕಾರಕ್ಕೆ ಕಾಗದ ಬರೆದು, ಊರೂರಿನ ಡಾಕ್ಟರು ಅಧಿಕಾರಿಗಳು ಹಾವು ಹಿಡಿಸಿ, ಅದಕ್ಕೆ ಆ ಊರಿನ ಜನ ಕರೆಯುವ ಹೆಸರು ಬರೆದು ಕಳಿಸಲಿ ಅಂತ ಕೇಳಿಕೊಂಡರು. ಮಂಡಲದ ಹಾವಿಗೆ ಅವರು ಬರೆದುಕೊಂಡ ತೆಲುಗು ಹೆಸರು ಕಾಟುಕ ರೇಕುಲ ಪೊಡ. ನಮ್ಮೂರಲ್ಲಿ ತೆಲುಗು ಮನೆಮಾತಿನವರು ಬಹಳ ಇದ್ದಾರೆ, ಅವರಿಗೆ ತಕ್ಷಣ ತಿಳಿಯುತ್ತೆ. ಕಾಟುಕ ಅಂದ್ರೆ ಕಾಡಿಗೆ, ರೇಕುಲು ಅಂದ್ರೆ ಎಸಳು. ಆ ಹಾವಿನ ಬೆನ್ನ ಮೇಲಿನ ಕಪ್ಪು ಅಂಚಿನ ಮಚ್ಚೆ ನೋಡಿದವರಿಗೆ ಈ ಹೆಸರು ಎಷ್ಟು ಸರಿ ಅಂತ ಗೊತ್ತಾಗುತ್ತೆ.

ರಸೆಲ್ಲರು ಒಂದೊಂದು ಹಾವಿನ ಬಾಯಿ ಬಿಡಿಸಿ ವಿಷದ ಹಲ್ಲು ಇದೆಯಾ ಅಂತ ಪರೀಕ್ಷೆ ಮಾಡಿದರು. ವಿಷದ ಹಲ್ಲು ಇಂಜೆಕ್ಷನ್ ಸೂಜಿ ಥರ ಟೊಳ್ಳು, ಅದರ ಹಿಂದೆ ವಿಷದ ಚೀಲ. ಕೋಳಿಗೂ ನಾಯಿಗೂ ಹಾವಿನಿಂದ ಕಚ್ಚಿಸಿ, ಎಷ್ಟು ಹೊತ್ತಿಗೆ ಏನಾಯ್ತು ಅಂತ ಗುರುತು ಹಾಕಿಕೊಂಡರು. (ಪಾಪ, ಆ ನಾಯಿಗಳು. ಇದನ್ನು ಓದುವಾಗ ನನಗೆ ಬೇಜಾರಾಯ್ತು.) ಆಗ ತಂಜಾವೂರಿನ ಒಂದು ಗುಳಿಗೆ ಹಾವಿನ ವಿಷಕ್ಕೆ ರಾಮಬಾಣ ಅಂತ ಬಹಳ ಹೆಸರಾಗಿತ್ತು. ಅದರಲ್ಲಿ ಪಾಷಾಣವೂ ಇರುತ್ತಿತ್ತು. ರಸೆಲ್ಲರು ಅದನ್ನೂ ಕೊಟ್ಟು ನೋಡಿದರು. ಹೇಳುವಷ್ಟು ಗುಣ ಅದರಲ್ಲಿ ಕಾಣಲಿಲ್ಲ.

ಹಾಗಾದರೆ ಗುಳಿಗೆ ತಿಂದು ಬದುಕಿದವರು ಹೇಗೆ ಬದುಕಿದರು? ಇಲ್ಲಿ ರಸೆಲ್ಲರ ಲೆಕ್ಕ ನೋಡಬೇಕು. ಅವರು ಪರೀಕ್ಷಿಸಿದ 43 ಬಗೆಯ ಹಾವುಗಳಲ್ಲಿ ವಿಷದ ಹಲ್ಲು ಇದ್ದದ್ದು 7ಕ್ಕೆ ಮಾತ್ರ. ಉಳಿದ 36 ಕಚ್ಚಿದರೆ ಗುಳಿಗೆ ತಿಂದರೂ ಬದುಕುತ್ತಾರೆ, ತಿನ್ನದಿದ್ದರೂ ಬದುಕುತ್ತಾರೆ. ಇದನ್ನು ಓದಿ ನಾನು ಪುಸ್ತಕ ಮುಚ್ಚಿ ಚಿಕ್ಕಪ್ಪನ ಹತ್ರ ಓಡಿದೆ. ಹತ್ತು ವರ್ಷದ ಹಿಂದೆ ಕಚ್ಚಿದ್ದು ಯಾವ ಹಾವು ಅಂತ ಕೇಳಿದೆ. ಉದ್ದಕ್ಕೆ ಇತ್ತು, ಇಲಿ ಬಿಲದಿಂದ ಬಂತು, ಸರ್ ಅಂತ ಓಡಿಹೋಯ್ತು ಅಂದರು. ಮೈಬಣ್ಣವನ್ನೂ ಹೇಳಿದರು. ಅದು ಕೇರೆ ಹಾವೇ. ಕೇರೆಗೆ ವಿಷವೇ ಇಲ್ಲ. ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ರಸೆಲ್ಲರು 1789ರಲ್ಲಿ ಇಂಗ್ಲೆಂಡಿಗೆ ವಾಪಸಾದರು. 1791ರಲ್ಲಿ ಪ್ಲೇಗಿನ ಪುಸ್ತಕ, 1796ರಲ್ಲಿ ಕೋರಮಂಡಲ ಕರಾವಳಿಯ ಹಾವುಗಳ ದೊಡ್ಡ ಚಿತ್ರ ಪುಸ್ತಕ ಬಂದವು. ಮರುವರ್ಷ 1797ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಮಂಡಲದ ಹಾವಿಗೆ ಇವರ ಹೆಸರನ್ನೇ ಇಟ್ಟರು. ರಸೆಲ್ಲರು ಮದುವೆಯಾಗಲಿಲ್ಲ. 1805ರ ಜುಲೈ 2ರಂದು ತೀರಿಕೊಂಡರು. ಹಾವಿನ ಪುಸ್ತಕದ ಎರಡನೇ ಸಂಪುಟದ ಕೊನೆ ಭಾಗ ಅಚ್ಚಾಗಿದ್ದು ಅವರು ಸತ್ತ ಮೇಲೆ, 1809ರಲ್ಲಿ.

ಇಷ್ಟೆಲ್ಲ ಮಾಡಿದರೂ ವಿಷಕ್ಕೆ ಔಷಧಿ ಅವರಿಗೆ ಸಿಗಲಿಲ್ಲ. ಅದು ಸಿಗಲು ಇನ್ನೂ 90 ವರ್ಷ ಬೇಕಾಯ್ತು. ಫ್ರಾನ್ಸ್ ದೇಶದ ಆಲ್ಬರ್ಟ್ ಕಾಲ್ಮೆಟ್ ಎಂಬುವರು 1894-95ರ ಹೊತ್ತಿಗೆ ಹಾವಿನ ವಿಷದ ಪ್ರತಿವಿಷ ತಯಾರಿಸಿದರು. ಈಗ ಅದನ್ನು ಕುದುರೆಯಿಂದ ತಯಾರಿಸುತ್ತಾರೆ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿದರೆ ಅದರ ರಕ್ತದಲ್ಲಿ ವಿಷ ಎದುರಿಸುವ ವಸ್ತು ಹುಟ್ಟುತ್ತೆ, ಅದನ್ನು ಬೇರ್ಪಡಿಸಿ ಮನುಷ್ಯರಿಗೆ ಕೊಡುತ್ತಾರೆ. ನಮ್ಮ ತೋಳಿನ ಮೇಲೆ ಬಿ.ಸಿ.ಜಿ. ಸೂಜಿಯ ಕಲೆ ಇದೆಯಲ್ಲ, ಅದರಲ್ಲಿ ನಡುವಿನ ಸಿ ಅಂದ್ರೆ ಇದೇ ಕಾಲ್ಮೆಟ್. ನಮ್ಮ ದೇಶದ ಪ್ರತಿವಿಷ ನಾಲ್ಕು ಹಾವುಗಳಿಗೆ ಕೆಲಸ ಮಾಡುತ್ತೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ.

ಚಿಕ್ಕಪ್ಪನಿಗೆ ಅದನ್ನು ಕೊಡುವ ಮುಂಚೆ ಡಾಕ್ಟರು ಒಂದು ಪರೀಕ್ಷೆ ಮಾಡಿದರಂತೆ. ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟರು. ನಮ್ಮ ರಕ್ತ ಆದ್ರೆ ಅಷ್ಟರಲ್ಲಿ ಮೊಸರಿನಂತೆ ಹೆಪ್ಪುಗಟ್ಟುತ್ತೆ. ಕೊಳವೆ ಬಗ್ಗಿಸಿದಾಗ ಚಿಕ್ಕಪ್ಪನ ರಕ್ತ ನೀರಿನಂತೆ ಹರಿಯಿತು. ಮಂಡಲದ ವಿಷ ಮೈಯೊಳಗೆ ಅಲ್ಲಲ್ಲಿ ಸಣ್ಣ ಸಣ್ಣದಾಗಿ ರಕ್ತ ಹೆಪ್ಪುಗಟ್ಟಿಸಿ, ಹೆಪ್ಪಾಗಲು ಬೇಕಾದ ವಸ್ತುವನ್ನೆಲ್ಲ ಮುಗಿಸಿಬಿಡುತ್ತೆ. ಆಮೇಲೆ ಗಾಯದ ಹತ್ರ ರಕ್ತ ನಿಲ್ಲೋದೇ ಇಲ್ಲ. ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತೆ. ಇದೇ ವಿಷವನ್ನು ಈಗ ರಕ್ತ ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಉಪಯೋಗಿಸುತ್ತಾರಂತೆ, ಅಲ್ಲೂ ಅದರ ಹೆಸರು ರಸೆಲ್ಲರದ್ದೇ.

ಪ್ರತಿವಿಷ ಕೊಟ್ಟ ಮೇಲೂ ಚಿಕ್ಕಪ್ಪನನ್ನು ಬಳ್ಳಾರಿಗೆ ಕಳಿಸಿದರು. ಮೂತ್ರ ನಿಂತುಹೋಗಿತ್ತು. ನಾಲ್ಕು ಸಲ ಡಯಾಲಿಸಿಸ್ ಆಯ್ತು. ಚಿಕ್ಕಮ್ಮ ಓಲೆ ಅಡ ಇಟ್ಟರು, ಅದು ಇನ್ನೂ ಬಿಡಿಸಿಲ್ಲ. ಮೊದಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ, ಕಾಲಿಗೆ ಅಷ್ಟು ಬಿಗಿಯಾಗಿ ಹಗ್ಗ ಕಟ್ಟಬಾರದಿತ್ತು ಅಂತ ಡಾಕ್ಟರು ಬೈದರಂತೆ. 2024ರಲ್ಲಿ ನಮ್ಮ ಕರ್ನಾಟಕ ಸರ್ಕಾರ ಹಾವು ಕಚ್ಚಿದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಆಜ್ಞೆ ಮಾಡಿದೆ. ರಸೆಲ್ಲರು ಊರೂರಿಗೆ ಕೇಳಿಸಿದ ಲೆಕ್ಕ ನೆನಪಾಯಿತು.

ಪಕ್ಕದಲ್ಲಿ ಅಂಟಿಸಿರುವ ಮಂಡಲದ ಹಾವಿನ ಚಿತ್ರ ನಾನೇ ಬಿಡಿಸಿದ್ದು. ಬೆನ್ನ ಮೇಲೆ ಮೂರು ಸಾಲು ಮಚ್ಚೆ ಎಣಿಸಿ ಹಾಕಿದ್ದೇನೆ. ಇಲ್ಲಿಗೆ ತರುವ ಮುಂಚೆ ಚಿಕ್ಕಪ್ಪನಿಗೆ ತೋರಿಸಿದೆ. ತಲೆ ಉದ್ದ ಆಯ್ತು, ಅದಕ್ಕೆ ಮೂರು ಮೂಲೆ ಇರುತ್ತೆ, ಕತ್ತು ಸಣ್ಣ ಅಂದರು. ಅವರು ಹತ್ತಿರದಿಂದ ನೋಡಿದವರು. ರಬ್ಬರಿನಿಂದ ಅಳಿಸಿ ತಿದ್ದಿದ್ದೇನೆ, ಅದಕ್ಕೇ ಆ ಜಾಗ ಸ್ವಲ್ಪ ಮಸುಕಾಗಿದೆ.